ಹೆಸರು ಅವನದು, ಮುಖ ಇವನದು

ಎರಡು ಕಾಲಂ ಅಗಲ, ಹನ್ನೆರಡು ಸೆಂಟಿಮೀಟರ್ ಎತ್ತರ. ಮೇಲೆ ದಪ್ಪಕ್ಷರದಲ್ಲಿ 'ಸಾರ್ವಜನಿಕ ಪ್ರಕಟಣೆ', ನಡುವೆ ಒಂದು ಭಾವಚಿತ್ರ, ಕೆಳಗೆ ಏಳು ಸಾಲು. ಅದನ್ನು ತಯಾರು ಮಾಡಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಅದು ಮಾಡಿದ ಅನಾಹುತವನ್ನು ಸರಿಪಡಿಸಲು ಹೊರಟಾಗ ಕಂಡದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನಾನು ಪಂಪ್‌ಸೆಟ್ ತಯಾರಿಸುವ ಒಂದು ಖಾಸಗಿ ಕಂಪನಿಯಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿ. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ನಮ್ಮ ಪ್ರಾದೇಶಿಕ ಕಚೇರಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಚೇರಿಗೆ ಕಂಪ್ಯೂಟರ್ ಬಂದು ವರ್ಷ ತುಂಬಿರಲಿಲ್ಲ. ಅದಕ್ಕೊಂದು ಗಾಜಿನ ಕೋಣೆ, ಒಂದು ಏಸಿ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಬಿಸಿಲಲ್ಲಿ ಬೋರ್‌ವೆಲ್ಲಿನಿಂದ ಮೋಟಾರ್ ಎತ್ತಿ ಬಂದ ಮೆಕ್ಯಾನಿಕ್‌ಗೆ ಕುಡಿಯಲು ತಣ್ಣೀರಿರಲಿಲ್ಲ, ಕಂಪ್ಯೂಟರಿಗೆ ಮಾತ್ರ ದಿನವಿಡೀ ತಂಪು.

ಆಳಂದ ಕಡೆಯ ನಮ್ಮ ಮಾರಾಟ ಪ್ರತಿನಿಧಿಯೊಬ್ಬ ಕಂಪನಿಯ ಹೆಸರಲ್ಲಿ ನಕಲಿ ರಸೀದಿ ಪುಸ್ತಕ ಅಚ್ಚು ಹಾಕಿಸಿ, ರೈತರಿಂದ ಮುಂಗಡ ಎತ್ತಿಕೊಂಡು ಓಡಿಹೋಗಿದ್ದ. ಈತನಿಗೂ ನಮಗೂ ಸಂಬಂಧವಿಲ್ಲ, ಇವನೊಂದಿಗೆ ಯಾರೂ ವ್ಯವಹರಿಸಬಾರದು ಎಂದು ಮೂರು ದಿನ ಸತತವಾಗಿ ಪ್ರಕಟಣೆ ಕೊಡಲು ನಮ್ಮ ಮ್ಯಾನೇಜರು ಹೇಳಿದರು. ಹೆಸರು, ಊರು ಮತ್ತು ಸಿಬ್ಬಂದಿ ಸಂಖ್ಯೆ ಬರೆದ ಚೀಟಿಯನ್ನು ನನ್ನ ಕೈಗಿಟ್ಟರು. ಸಂಖ್ಯೆ ಇಪ್ಪತ್ತೇಳು.

ಗುರುತಿನ ಚೀಟಿ ಮಾಡಲೆಂದು ಎಲ್ಲರ ಫೋಟೋಗಳನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಫೋಟೋದ ಮೇಲೆ ಹೆಸರಿಲ್ಲ, ಸಂಖ್ಯೆ ಅಷ್ಟೆ. ಇಪ್ಪತ್ತೇಳನ್ನು ಫ್ಲಾಪಿಗೆ ಹಾಕಿಸಿಕೊಂಡು ಸೂಪರ್ ಮಾರ್ಕೆಟ್ ಬಳಿಯ ಡಿಟಿಪಿ ಅಂಗಡಿಗೆ ಹೋದೆ. ಅಲ್ಲಿ ಟೈಪು ಮಾಡುತ್ತಿದ್ದ ಹೆಣ್ಣುಮಗಳು ಚುರುಕು. ಅರ್ಧ ಗಂಟೆಯಲ್ಲಿ ಪ್ರೂಫ್ ಕೊಟ್ಟಳು. ನಾನು ಹೆಸರಿನ ಒತ್ತಕ್ಷರ ನೋಡಿದೆ, ಕಚೇರಿಯ ಫೋನ್ ನಂಬರು ನೋಡಿದೆ, ಸ್ಕೇಲು ಹಿಡಿದು ಅಳತೆ ನೋಡಿದೆ. ಮುಖ ನೋಡಲಿಲ್ಲ. ನೋಡಿದ್ದರೂ ತಿಳಿಯುತ್ತಿರಲಿಲ್ಲ. ನಮ್ಮ ಹಳ್ಳಿಗಾಡಿನ ಸಿಬ್ಬಂದಿಯಲ್ಲಿ ಒಬ್ಬನನ್ನಾದರೂ ನಾನು ನಿಂತು ಮಾತಾಡಿಸಿದವನಲ್ಲ. 'ಸರಿ ಇದೆ' ಎಂದು ಬರೆದು ಸಹಿ ಹಾಕಿದೆ. ಪತ್ರಿಕೆಯ ನಮ್ಮ ಜಿಲ್ಲೆಯ ಪುಟ ಆಗ ಹುಬ್ಬಳ್ಳಿಯಲ್ಲಿ ಅಚ್ಚಾಗುತ್ತಿತ್ತು. ಲಕೋಟೆ ಸಂಜೆಯ ಬಸ್ಸಿಗೆ ಹೋಯಿತು.

ಪ್ರಕಟಣೆ ಮಂಗಳವಾರ ಬಂತು. ಹನ್ನೊಂದು ಗಂಟೆಗೆ ಫೋನು. ಕಮಲಾಪುರದ ಹತ್ತಿರದ ಒಂದು ಹಳ್ಳಿಯವರು ಕಮಲಾಪುರಕ್ಕೆ ಬಂದು ಬೂತಿನಿಂದ ಮಾತಾಡುತ್ತಿದ್ದರು.

"ನಿಮ್ಮ ಪೇಪರಿನ್ಯಾಗಿನ ಕಳ್ಳ ನಮ್ಮಲ್ಲಿ ಸಿಕ್ಕಾನ್ರಿ. ಬೋರಿನ ಹತ್ರ ಕೂಡ್ಸೀವಿ. ಕಂಪನಿಯವ್ರು ಯಾರಾರ ಬರೋತನಕ ಬಿಡೂದಿಲ್ಲ."

ಮ್ಯಾನೇಜರು ಮೈಸೂರು ಕಡೆಯವರು. ಕುರ್ಚಿಯಿಂದ ಎದ್ದೇ ಬಿಟ್ಟರು.

"ನೋಡಿದ್ರಾ? ಇದು ಜಾಹೀರಾತಿನ ಶಕ್ತಿ. ನೀವೇ ಹೋಗಿ. ಹೋಗ್ತಾ ದಾರೀಲೇ ಒಂದು ಪ್ರೆಸ್ ನೋಟ್ ರೆಡಿ ಮಾಡ್ಕೊಳಿ, ನಾಳೆ ಎಲ್ಲ ಪೇಪರ್‌ಗೂ ಕೊಡೋಣ."

ಹುಮನಾಬಾದ ಬಸ್ಸು ಹತ್ತಿದೆ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯಲು ಶುರು ಮಾಡಿದೆ: 'ಸಂಸ್ಥೆಯ ಪ್ರಕಟಣೆ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಸಾರ್ವಜನಿಕರ ಸಹಕಾರದಿಂದ ಆರೋಪಿ ಪತ್ತೆಯಾಗಿದ್ದು...' ಬಸ್ಸು ಕುಲುಕಿದರೂ ವಾಕ್ಯ ತಡವರಿಸಲಿಲ್ಲ. ಅಷ್ಟು ರೂಢಿಯಾಗಿತ್ತು ನನಗೆ ಆ ಭಾಷೆ. ಕಮಲಾಪುರದಲ್ಲಿ ಇಳಿದು, ಫೋನು ಮಾಡಿದವರ ಮೋಟಾರ್‌ಸೈಕಲ್ ಹಿಂದೆ ಕುಳಿತು ಬಾಳೆತೋಟಗಳ ನಡುವಿನ ದಾರಿಯಲ್ಲಿ ಹೋದೆ.

ಬೋರ್‌ವೆಲ್ಲಿನ ಮೇಲೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ನಿಂತಿತ್ತು. ಪೈಪು ಅರ್ಧ ಮೇಲೆ ಬಂದು, ಕ್ಲ್ಯಾಂಪಿನ ಆಸರೆಯಲ್ಲಿ ನೇತಾಡುತ್ತಿತ್ತು. ಪಕ್ಕದ ಕಟ್ಟೆಯ ಮೇಲೆ, ಗ್ರೀಸು ಮೆತ್ತಿದ ಖಾಕಿ ಅಂಗಿಯ ನಲವತ್ತು ದಾಟಿದ ಮನುಷ್ಯ ಕೂತಿದ್ದ. ಪಾನಾ, ಸ್ಪ್ಯಾನರು ತುಂಬಿದ ಅವನ ಚೀಲ ಹೊಲದ ಯಜಮಾನನ ಕಾಲ ಬಳಿ ಇತ್ತು. ಸುತ್ತ ಹತ್ತು ಹದಿನೈದು ಜನ. ಯಾರೂ ಕೈ ಮಾಡಿರಲಿಲ್ಲ. ಆದರೆ ಬೆಳಿಗ್ಗೆಯಿಂದ ಅವನನ್ನು ಏಳಲೂ ಬಿಟ್ಟಿರಲಿಲ್ಲ.

ನನ್ನನ್ನು ಕಂಡು ಅವನು ಎದ್ದು ನಿಂತ. ನಮ್ಮ ಕಂಪನಿಯ ಗುರುತಿನ ಚೀಟಿಯನ್ನು ಚಾಚಿದ. ಕಮಲಾಪುರ ಭಾಗದ ಮೆಕ್ಯಾನಿಕ್. ಚೀಟಿಯ ಮೇಲೆ ಅವನ ಹೆಸರು, ಅವನ ಮುಖ. ನನ್ನ ಕೈಯಲ್ಲಿದ್ದ ಪತ್ರಿಕೆಯಲ್ಲಿ ಬೇರೆಯವನ ಹೆಸರು, ಇವನ ಮುಖ.

"ಸಾಬ್, ನನ್ನ ಫೋಟೋ ಯಾರು ಕೊಟ್ಟಾರ ಪೇಪರಿಗಿ?"

"ನಾನೇ ಕೊಟ್ಟೀನಿ," ಎಂದೆ. ಬೇರೆ ಏನು ಹೇಳಲಿ?

ಅವನು ಚೀಟಿಯನ್ನು ಮತ್ತೆ ಕಿಸೆಗೆ ಸೇರಿಸಿದ. ನಾನು ಜನರ ಕಡೆ ತಿರುಗಿ, ಇದು ಕಚೇರಿಯ ತಪ್ಪು, ಕಳ್ಳ ಬೇರೆಯವನು, ಹೆಸರು ನೋಡಿರಿ ಎಂದೆ. ಹೊಲದ ಯಜಮಾನ ವಯಸ್ಸಾದವನು, ಮಾತು ಮೆತ್ತಗೆ.

"ಹೆಸರು ಯಾವುದಾರ ಇರ್ಲಿ ಸಾಹೇಬ್ರ. ಹೆಸರು ಬದಲ್ ಮಾಡ್ಬಹುದು. ಮಾರಿ ಹ್ಯಾಂಗ ಬದಲ್ ಮಾಡ್ತಾನ?"

"ಹತ್ತು ವರ್ಷದಿಂದ ನಿಮ್ಮ ಮೋಟಾರ್ ಇವ್ರೇ ನೋಡ್ಕೊಂಡಾರಂತಲ್ರೀ. ನಿಮಗ ಇವ್ರು ಎಂಥವ್ರಂತ ಗೊತ್ತಿಲ್ಲೇನು?" ಎಂದೆ, ಮೋಟಾರ್‌ಸೈಕಲ್ಲಿನವರು ದಾರಿಯಲ್ಲಿ ಹೇಳಿದ್ದನ್ನು ನೆನೆದು.

"ಗೊತ್ತದ. ನಮ್ಮ ಮನ್ಯಾಗ ಊಟ ಮಾಡ್ಯಾನ. ಅದಕ್ಕೇ ಹೆಚ್ಚಿಗಿ ಸಿಟ್ಟು ಬಂದದ."

ಹತ್ತು ವರ್ಷದ ಪರಿಚಯ ಒಂದು ಕಡೆ, ಬೆಳಗಿನ ಪತ್ರಿಕೆ ಒಂದು ಕಡೆ. ಪತ್ರಿಕೆ ಗೆದ್ದಿತ್ತು. ಅಚ್ಚಾದದ್ದನ್ನು ಜನ ನಂಬಬೇಕೆಂದೇ ನಾನು ವರ್ಷಗಟ್ಟಲೆ ದುಡಿದಿದ್ದೆ. ಈಗ ಅವರು ನಂಬಿದ್ದರು, ನಾನು ಎದುರು ನಿಂತು ಬೇಡಿದರೂ ಬಿಡಲೊಲ್ಲರು. ಕೊನೆಗೆ ಅರ್ಧ ಬರೆದಿದ್ದ ಪ್ರೆಸ್ ನೋಟಿನ ಬೆನ್ನಿಗೇ 'ಇವರು ನಮ್ಮ ಪ್ರಾಮಾಣಿಕ ನೌಕರರು' ಎಂದು ಬರೆದು ಸಹಿ ಮಾಡಿ, ಜತೆಗೆ ತಂದಿದ್ದ ಕಚೇರಿಯ ರಬ್ಬರ್ ಸ್ಟ್ಯಾಂಪ್ ಒತ್ತಿ ಕೊಟ್ಟೆ. ಯಜಮಾನ ಅದನ್ನು ಮಡಿಸಿ ಕಿಸೆಗಿಟ್ಟುಕೊಂಡು ಚೀಲ ವಾಪಸು ಕೊಟ್ಟ.

"ಕರ್ಕೊಂಡು ಹೋಗ್ರಿ. ಆದ್ರ ಮೋಟಾರಿಗಿ ಕೈ ಹಚ್ಚೂದು ಬ್ಯಾಡ. ಬ್ಯಾರೆ ಮಂದೀನ ಕರ್ಸ್ತೀವಿ."

ಮೆಕ್ಯಾನಿಕ್ ಚೀಲದಿಂದ ಪಾನಾ ತೆಗೆದ. ಜನ ಒಂದು ಹೆಜ್ಜೆ ಮುಂದೆ ಬಂದರು. ಅವನು ಕ್ಲ್ಯಾಂಪಿನ ಎರಡೂ ಬೋಲ್ಟನ್ನು ಬಿಗಿ ಮಾಡಿ, "ಪೈಪು ಜಾರಿ ಬಿದ್ರ ಬೋರೇ ಹೋಗ್ತದ," ಎಂದಷ್ಟೇ ಹೇಳಿ ಹೊರಟ. ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಕಚೇರಿಗೆ ಬಂದವನೇ ಚಪ್ಪಲಿ ಬಿಡದೆ ಗಾಜಿನ ಕೋಣೆಗೆ ನುಗ್ಗಿದೆ. ತಪ್ಪು ಹತ್ತು ನಿಮಿಷದಲ್ಲಿ ಸಿಕ್ಕಿತು. ಹಳೆಯ ರಿಜಿಸ್ಟರಿನಲ್ಲಿ ಕೆಲಸಕ್ಕೆ ಸೇರಿದ ಕ್ರಮದಲ್ಲಿ ಸಂಖ್ಯೆ ಇದ್ದವು. ಕಂಪ್ಯೂಟರಿಗೆ ಏರಿಸುವಾಗ ಹೆಸರುಗಳನ್ನು ಅಕ್ಷರಕ್ರಮಕ್ಕೆ ಜೋಡಿಸಿ ಹೊಸ ಸಂಖ್ಯೆ ಕೊಟ್ಟಿದ್ದರು. ಮ್ಯಾನೇಜರು ಚೀಟಿಯಲ್ಲಿ ಬರೆದದ್ದು ಹಳೆಯ ಇಪ್ಪತ್ತೇಳು. ಕಂಪ್ಯೂಟರು ಕೊಟ್ಟದ್ದು ಹೊಸ ಇಪ್ಪತ್ತೇಳು. ಸಂಖ್ಯೆ ಬದಲಾಗಿದೆ ಎಂದು ಒಂದು ಸುತ್ತೋಲೆ ಕೂಡ ಯಾರೂ ಹೊರಡಿಸಿರಲಿಲ್ಲ.

ಮ್ಯಾನೇಜರಿಗೆ ಹೇಳಿದೆ. ನಾಳೆ, ನಾಡಿದ್ದಿನ ಪ್ರಕಟಣೆ ಈಗಲೇ ನಿಲ್ಲಿಸಬೇಕು, ಹುಬ್ಬಳ್ಳಿಗೆ ಫೋನು ಹಚ್ಚುತ್ತೇನೆ ಎಂದೆ.

"ಸ್ವಲ್ಪ ತಾಳಿ. ವಕೀಲರನ್ನ ಕೇಳೋಣ."

ವಕೀಲರು ಕೋರ್ಟಿನಿಂದ ಬರುವ ಹೊತ್ತಿಗೆ ಐದು ದಾಟಿತು. ಮ್ಯಾನೇಜರು ಫೋನಿಟ್ಟು ಸಮಾಧಾನದಿಂದ ನನ್ನ ಕಡೆ ತಿರುಗಿದರು.

"ನಮಗೇನೂ ತೊಂದರೆ ಇಲ್ಲ. ಹೆಸರು ಸರಿ ಇದೆ, ಊರು ಸರಿ ಇದೆ. ಫೋಟೋ ಕೆಳಗೆ ಮೆಕ್ಯಾನಿಕ್ ಹೆಸರಿಲ್ಲ. ಮಾನನಷ್ಟ ಅನ್ನೋಕೆ ಅವನ ಹೆಸರು ಬಂದಿರಬೇಕಲ್ವಾ?"

"ಸರ್, ಅಲ್ಲಿ ಹೆಸರು ಯಾರೂ ಓದಿಲ್ಲ. ಮುಖ ನೋಡಿದಾರೆ."

"ಓದದೇ ಇರೋದು ಅವರ ತಪ್ಪು."

ಹುಬ್ಬಳ್ಳಿಗೆ ಫೋನು ಸಿಕ್ಕಾಗ ಜಿಲ್ಲೆಯ ಪುಟ ಅಚ್ಚಿಗೆ ಹೋಗಿಯಾಗಿತ್ತು. ಬುಧವಾರ ಬೆಳಿಗ್ಗೆ ಅದೇ ಮುಖ ಅದೇ ಜಾಗದಲ್ಲಿ ಮತ್ತೆ ಬಂತು. ಒಂದು ದಿನ ತಪ್ಪು ಮಾಡಿದ್ದೆವು, ಎರಡನೆಯ ದಿನ ಗೊತ್ತಿದ್ದೂ ಮಾಡಿದೆವು. ಮೂರನೆಯದನ್ನು ಮಾತ್ರ ನಿಲ್ಲಿಸಿದೆ.

ತಿದ್ದುಪಡಿಯನ್ನು ಮ್ಯಾನೇಜರೇ ಬರೆದರು. ಶುಕ್ರವಾರ ಒಳಪುಟದಲ್ಲಿ, ಅಂಕಪಟ್ಟಿ ಕಳೆದುಕೊಂಡವರ ಪ್ರಕಟಣೆಗೂ ಹೆಸರು ಬದಲಿಸಿಕೊಂಡವರ ಪ್ರಕಟಣೆಗೂ ನಡುವೆ ಮೂರು ಸಾಲು: 'ನಮ್ಮ ಪ್ರಕಟಣೆಯಲ್ಲಿನ ಭಾವಚಿತ್ರವು ಕಣ್ತಪ್ಪಿನಿಂದ ಅಚ್ಚಾಗಿದ್ದು ಓದುಗರು ಗಮನಿಸುವುದು.' ಯಾರ ಭಾವಚಿತ್ರ, ಯಾವ ಪ್ರಕಟಣೆ, ಏನು ಗಮನಿಸುವುದು, ಒಂದೂ ಇಲ್ಲ. ದೊಡ್ಡದಾಗಿ ಹಾಕಿ ಎಂದು ಪತ್ರಿಕೆಯ ಜಾಹೀರಾತು ವಿಭಾಗಕ್ಕೆ ಹೇಳಿದ್ದೆ. ತಿದ್ದುಪಡಿಗೆ ಅಷ್ಟೇ ಜಾಗ ಕೊಡುವ ಪದ್ಧತಿ ಎಂದರು. ತಪ್ಪಿಗೆ ಎಷ್ಟು ಜಾಗ ಬೇಕಾದರೂ ಕೊಡುವ ಪದ್ಧತಿ ಮಾತ್ರ ಎಲ್ಲರಲ್ಲೂ ಇತ್ತು.

ಆ ತುಣುಕನ್ನು ಕತ್ತರಿಸಿಕೊಂಡು ಸಂಜೆ ಕಲಬುರಗಿಯದೇ ಗಾಜಿಪುರ ಬಡಾವಣೆಗೆ ಹೋದೆ. ಮೆಕ್ಯಾನಿಕ್‌ನ ಮನೆ ಅಲ್ಲಿ. ಅವನು ಹೊರಗೆ ಎಲ್ಲೂ ಹೋಗಿರಲಿಲ್ಲ. ನಾಲ್ಕು ದಿನದಲ್ಲಿ ಒಂದೂ ಕೆಲಸ ಬಂದಿರಲಿಲ್ಲ. ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಗಂಡನ ಜತೆ ದಖನಿ, ನನ್ನ ಜತೆ ಕನ್ನಡ. ನಾನು ಕೊಟ್ಟ ತುಣುಕನ್ನು ದೀಪಕ್ಕೆ ಹಿಡಿದರು. ಆಮೇಲೆ ಒಂದು ಡಬ್ಬಿಯಿಂದ ಮಂಗಳವಾರದ ಪ್ರಕಟಣೆ ತೆಗೆದು, ಅದರ ಮೇಲೆ ಇದನ್ನಿಟ್ಟರು. ಅದು ಚಿತ್ರದಲ್ಲಿನ ಗಂಡನ ಹಣೆಯನ್ನು ಕೂಡ ಮುಚ್ಚಲಿಲ್ಲ.

"ಇದು ಓದ್ಲಾಕ ಬರೋವ್ರಿಗಿ ಭಾಯಿ. ಓದ್ಲಾಕ ಬರ್ದವ್ರು ಏನು ಮಾಡ್ಬೇಕು?"

ನಾನು ಹೇಳಿದೆ: "ದೊಡ್ಡದು ಹಾಕ್ಸ್ತೀನ್ರಿ. ಅಷ್ಟೇ ಅಳತಿದು. ಇವ್ರ ಫೋಟೋ ಹಾಕಿ, ಇವ್ರು ಕಳ್ಳರಲ್ಲ ಅಂತ ಬರಸ್ತೀನಿ."

ಮೆಕ್ಯಾನಿಕ್ ಮೊದಲ ಸಲ ದನಿ ಏರಿಸಿದ. "ಬ್ಯಾಡ ಸಾಬ್. ಎರಡು ಸಲ ಬಂದದ. ಮೂರನೇ ಸಲ ನೋಡ್ದವ್ರು, ಮತ್ತೇನೋ ಮಾಡ್ಯಾನ ಅಂತಾರ."

ಅದು ನಿಜ. ಮುಖವನ್ನಷ್ಟೇ ನೋಡುವವರಿಗೆ 'ಕಳ್ಳ' ಮತ್ತು 'ಕಳ್ಳನಲ್ಲ' ಎರಡೂ ಒಂದೇ ಚಿತ್ರ. ಇಷ್ಟು ವರ್ಷ ಈ ಕಸುಬು ಮಾಡಿದ ನನಗೆ ಅದು ಹೊಳೆದಿರಲಿಲ್ಲ.

ಅವನ ಹೆಂಡತಿ ಯಂತ್ರದ ಮೇಲಿನ ಬಟ್ಟೆಯನ್ನು ಸರಿಸುತ್ತ ಅಂದರು: "ತಪ್ಪು ಮಾಡ್ದವ್ರ ಮಾರಿ ಹಾಕ್ರಿ. ನಮ್ದ್ಯಾಕ?"

ಆ ಮಾತು ನನ್ನನ್ನು ಖೂಬಾ ಪ್ಲಾಟಿನ ತನಕ ಹಿಂಬಾಲಿಸಿತು. ತುರ್ತು ಜಾಹೀರಾತುಗಳಿಗೆ ನನ್ನ ಸಹಿಯೇ ಸಾಕಾಗುತ್ತಿತ್ತು. ಶನಿವಾರ ಬೆಳಿಗ್ಗೆ ಜಾಹೀರಾತಿನ ಆದೇಶಪತ್ರ ತುಂಬಿದೆ. ಎರಡು ಕಾಲಂ, ಹನ್ನೆರಡು ಸೆಂಟಿಮೀಟರ್, ಅದೇ ಪುಟ, ಎರಡು ದಿನ. ಅವನ ಮುಖ ಬಂದಷ್ಟೇ ದಿನ. ಸಹಿ ಮಾಡುವಾಗ ಭಯಕ್ಕಿಂತ ಸಿಟ್ಟು ಹೆಚ್ಚಿತ್ತು. 'ಓದದೇ ಇರೋದು ಅವರ ತಪ್ಪು' ಎಂಬ ಮಾತು ಕಿವಿಯಲ್ಲೇ ಕೂತಿತ್ತು.

ಡಿಟಿಪಿ ಅಂಗಡಿಯ ಹೆಣ್ಣುಮಗಳು ಫೋಟೋ ಸ್ಕ್ಯಾನ್ ಮಾಡಿ ಪರದೆ ನೋಡಿದಳು, ನನ್ನ ಮುಖ ನೋಡಿದಳು.

"ಸರ್, ಇದು ನಿಮ್ದೇ ಫೋಟೋ ಅದರಿ."

"ಹೌದು. ಅದೇ ಇರ್ಲಿ."

"ಮತ್ತ ತಪ್ಪಾಗ್ತದ ನೋಡ್ರಿ."

"ಈ ಸಲ ಇಲ್ಲ."

ಪ್ರಕಟಣೆ ಹೀಗಿತ್ತು: 'ಕಳೆದ ಮಂಗಳವಾರ ಮತ್ತು ಬುಧವಾರ ಇದೇ ಜಾಗದಲ್ಲಿ ಪ್ರಕಟವಾದ ಮುಖ ನಮ್ಮ ಕಮಲಾಪುರದ ಮೆಕ್ಯಾನಿಕ್ ಅವರದು. ಅವರು ಯಾವ ತಪ್ಪನ್ನೂ ಮಾಡಿಲ್ಲ. ಅವರು ಇಂದಿಗೂ ನಮ್ಮ ನೌಕರರು. ಅವರ ಭಾವಚಿತ್ರವನ್ನು ಪರೀಕ್ಷಿಸದೆ ಅಚ್ಚಿಗೆ ಕಳಿಸಿದವನು ನಾನು. ಚಿತ್ರದಲ್ಲಿರುವವನು ನಾನೇ.' ಕೆಳಗೆ ನನ್ನ ಹೆಸರು, ಹುದ್ದೆ.

ಸೋಮವಾರ ಅದು ಬಂತು. ಕಚೇರಿ ತೆರೆಯುವ ಮೊದಲೇ ಮ್ಯಾನೇಜರು ಬಂದು ಕೂತಿದ್ದರು.

"ಕಂಪನೀನ ಬೀದಿಗೆ ತಂದ್ರಲ್ರೀ. ಯಾರೂ ಕೇಳದೇ ಇದ್ದದ್ದನ್ನ ನೀವು ಊರಿಗೆಲ್ಲ ಹೇಳಿದ್ರಿ."

"ಕೇಳಿದವರು ಇದ್ರು ಸರ್. ಗಾಜಿಪುರದಲ್ಲಿ ಇದ್ರು. ನೀವು ಅವರನ್ನ ಒಂದು ಸಲ ಕರೆದೂ ಮಾತಾಡ್ಸಿಲ್ಲ."

ಮಧ್ಯಾಹ್ನದೊಳಗೆ ಕಾರಣ ಕೇಳುವ ನೋಟಿಸು ಕೈಸೇರಿತು. ವಾರದೊಳಗೆ ನನ್ನನ್ನು ಪತ್ರಿಕೆಗಳ ಕೆಲಸದಿಂದ ತೆಗೆದು ಬಿಡಿಭಾಗಗಳ ಗೋದಾಮಿಗೆ ಹಾಕಿದರು. ಸಂಖ್ಯೆಗಳ ಗೊಂದಲ ಮಾಡಿದವರಿಗೆ ನೋಟಿಸು ಹೋಗಲಿಲ್ಲ. ತಡ ಮಾಡಿ ಎರಡನೆಯ ದಿನವೂ ಅಚ್ಚಾಗಲು ಬಿಟ್ಟವರಿಗೆ ಯಾರು ನೋಟಿಸು ಕೊಡಬೇಕು?

ಪ್ರಕಟಣೆಯಿಂದ ಎಲ್ಲ ಸರಿಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ಎದುರು ಕೂತವನೊಬ್ಬ ಚಹಾದ ಕಪ್ಪು ಹಿಡಿದುಕೊಂಡೇ ಬೇರೆ ಟೇಬಲಿಗೆ ಎದ್ದು ಹೋದ. ಪತ್ರಿಕೆಯ ಆ ಜಾಗದಲ್ಲಿ ಬರುವ ಮುಖ ಕಳ್ಳನದು ಎಂದು ನಾವೇ ಜನರಿಗೆ ಕಲಿಸಿದ್ದೆವಲ್ಲ. ಓದದವರ ಕಣ್ಣಿಗೆ ಈಗ ಕಳ್ಳರು ಇಬ್ಬರಾಗಿದ್ದರು. ಹಾಗಾದರೆ ಬಾಯಲ್ಲೇ ಹೇಳಬೇಕು, ಬೇರೆ ದಾರಿ ಇಲ್ಲ ಎಂದು ಮೆಕ್ಯಾನಿಕ್‌ಗೆ ಹೇಳಿದೆ. ಅವನು ತುಸು ಯೋಚಿಸಿ, "ಐತ್ವಾರ ಬರ್ರಿ," ಎಂದ.

ಆ ಭಾನುವಾರ ಕಮಲಾಪುರದಲ್ಲಿ ಇಳಿದಾಗ ಒಬ್ಬ ರೈತ ನನ್ನ ತೋಳು ಹಿಡಿದೇಬಿಟ್ಟ. "ಪೇಪರಿನ್ಯಾಗ ಇದೇ ಮಾರಿ ಬಂದಿತ್ತು," ಎಂದು ಸುತ್ತಲಿದ್ದವರನ್ನು ಕರೆದ. ನಾನು ಏನು ಹೇಳಿದರೂ ತೋಳು ಬಿಡಲೊಲ್ಲ. ಮೆಕ್ಯಾನಿಕ್ ನಡುವೆ ಬಂದ.

"ಬಿಡು ಮಾಮಾ. ಇವ್ರು ಕಳ್ಳರಲ್ಲ. ತಪ್ಪು ಮಾಡ್ಯಾರ, ಖರೆ. ಒಪ್ಕೊಂಡಾರ. ನಾನು ಜಾಮೀನು."

ಮೂರು ಭಾನುವಾರ ನಾವಿಬ್ಬರೂ ಅವನ ಹಳೆಯ ಮೊಪೆಡ್ ಮೇಲೆ ಹಳ್ಳಿ ತಿರುಗಿದೆವು. ಗಿರಣಿಯ ಮುಂದೆ, ಹಾಲು ಹಾಕುವ ಜಾಗದಲ್ಲಿ, ಜನ ಕೂಡಿದಲ್ಲೆಲ್ಲ ನಿಂತು ನಾನು ಪ್ರಕಟಣೆಯನ್ನು ಜೋರಾಗಿ ಓದುತ್ತಿದ್ದೆ. ಅವನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಮೊದಲ ದಿನ ಅವನು ಕ್ಲ್ಯಾಂಪು ಬಿಗಿದು ಬಂದಿದ್ದ ಬೋರಿಗೂ ಹೋದೆವು. ಬೇರೆಯವರು ಬಂದು ಮೋಟಾರ್ ಇಳಿಸಿ ಹೋಗಿದ್ದರು. ಯಜಮಾನ ಓದಿದ್ದನ್ನೆಲ್ಲ ಕೇಳಿ, ಮೆಕ್ಯಾನಿಕ್ ಕಡೆ ನೋಡದೆ, "ನೀರು ಮೊದಲಿನಷ್ಟು ಬರವಲ್ದು. ಒಮ್ಮೆ ನೋಡಿ ಹೋಗು," ಎಂದ. ಕ್ಷಮೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಮೆಕ್ಯಾನಿಕ್ ಚೀಲ ಇಳಿಸಿ ಸ್ಟಾರ್ಟರಿನ ಮುಚ್ಚಳ ಬಿಚ್ಚಿದ. ಕೆಲಸ ಹೀಗೆ ಒಂದೊಂದಾಗಿ ವಾಪಸು ಬರತೊಡಗಿತು, ಎಲ್ಲವೂ ಬರಲಿಲ್ಲ. ಎರಡು ಊರಿನವರು ಅವನನ್ನು ಮತ್ತೆ ಎಂದೂ ಕರೆಯಲಿಲ್ಲ.

ಕೊನೆಯ ಭಾನುವಾರ, ಕೊನೆಯ ಊರು. ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಕೇರುತ್ತ ಕೂತಿದ್ದ ಒಬ್ಬ ಮುದುಕಿ ನಾನು ಓದಿದ್ದನ್ನು ಪೂರ್ತಿ ಕೇಳಿಸಿಕೊಂಡಳು. ಪತ್ರಿಕೆಯನ್ನು ಇಸಿದುಕೊಂಡು ನನ್ನ ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಅವನನ್ನು ನೋಡಿದಳು.

"ಇವ ಅಲ್ಲ. ನೀನೂ ಅಲ್ಲ. ಹಂಗಾರ ಆ ಕಳ್ಳ ಹ್ಯಾಂಗ ಇದ್ದಾನಪ್ಪ? ನಾಳಿಗಿ ನಮ್ಮ ಮನಿಗೇ ಬಂದ್ರ ನನಗ ಹ್ಯಾಂಗ ತಿಳೀಬೇಕು?"

ಮ್ಯಾನೇಜರು ಆ ವಿಷಯ ಮುಗಿಯಿತು ಎಂದು ಫೈಲು ಮುಚ್ಚಿದ್ದರು. ಅವರನ್ನು ಬಿಡಿ. ನನ್ನ ಮುಖ ಹಾಕುವ ಆವೇಶದಲ್ಲಿ, ನಿಜವಾಗಿ ಓಡಿಹೋದವನ ಮುಖ ಇನ್ನೂ ಎಲ್ಲೂ ಬಂದಿಲ್ಲ ಎಂಬುದು ನನಗೂ ನೆನಪಾಗಿರಲಿಲ್ಲ. 'ತಪ್ಪು ಮಾಡ್ದವ್ರ ಮಾರಿ ಹಾಕ್ರಿ' ಎಂದು ಮೆಕ್ಯಾನಿಕ್‌ನ ಹೆಂಡತಿ ಬಹುಶಃ ಆ ಕಳ್ಳನ ಬಗ್ಗೆಯೇ ಹೇಳಿದ್ದರು. ನಾನು ಕೇಳಿಸಿಕೊಂಡದ್ದು ನನ್ನ ಬಗ್ಗೆ.

ಮುದುಕಿ ಉತ್ತರಕ್ಕಾಗಿ ಕಾಯುತ್ತಿದ್ದಳು. ಮೆಕ್ಯಾನಿಕ್ ಮೊಪೆಡ್ಡಿನ ಪೆಡಲ್ ಮೇಲೆ ಕಾಲಿಟ್ಟ.

"ಅವನ ಫೋಟೋ ನಮ್ಮ ಆಫೀಸಿನ ಕಂಪ್ಯೂಟರಿನ್ಯಾಗ ಭದ್ರ ಅದ, ಆಯಿ," ಎಂದ. "ಏಸಿ ಹಚ್ಚಿ ಇಟ್ಟಾರ."